ಕಂಡಕ್ಟರಮ್ಮನ ಎಲೆ

ನಮ್ಮ ಲೇಸ್ ತರಗತಿಯಲ್ಲಿ ಅವರಿಗೆ ಕಂಡಕ್ಟರಮ್ಮ ಎಂದೇ ಹೆಸರು. ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದವರು. ನಿವೃತ್ತರಾದ ಮರುವಾರವೇ ಬಂದು, ಕಿಟಕಿ ಪಕ್ಕದ ಕುರ್ಚಿ ಹಿಡಿದು, "ಕೂತ್ಕೊಂಡು ಮಾಡೋ ಕೆಲಸ ಯಾವ್ದಾದ್ರೂ ಸರಿ, ಕಲಿಸಿ ಟೀಚರ್" ಎಂದರು. ಯಾರಾದರೂ ಬಾಗಿಲಲ್ಲೇ ನಿಂತು ಹರಟಿದರೆ "ಒಳಗೆ ಜಾಗ ಇದೆ, ಮುಂದೆ ಹೋಗಿ" ಎಂದು ಗದರುತ್ತಿದ್ದರು. ಮದುವೆಯಾಗಿರಲಿಲ್ಲ. ತಮ್ಮ-ತಂಗಿಯರನ್ನು ದಡ ಸೇರಿಸುವಷ್ಟರಲ್ಲಿ ತನ್ನ ಸ್ಟಾಪು ದಾಟಿಹೋಗಿತ್ತು ಎಂದು ಅವರೇ ನಗುತ್ತಿದ್ದರು.

ಆ ಟೀಚರ್ ನಾನು. ಅವರ ಬಗ್ಗೆ ಬರೆಯಲು ಕೂತರೆ ನನ್ನ ಸಣ್ಣತನವೇ ಮುಂದೆ ಬಂದು ನಿಲ್ಲುತ್ತದೆ. ನಿಲ್ಲಲಿ, ಅದಕ್ಕೆ ಅದೇ ಜಾಗ.

ಬಾಬಿನ್ ಲೇಸಿನಲ್ಲಿ ಎಲೆ ತೆಗೆಯುವುದು ಕೈ ಪಳಗಿದವರಿಗೂ ಕಷ್ಟ. ಗಟ್ಟಿ ದಿಂಬಿನ ಮೇಲೆ ನಕ್ಷೆ, ನಕ್ಷೆಯ ಮೇಲೆ ಗುಂಡುಸೂಜಿ, ಸೂಜಿಯಿಂದ ಇಳಿಬಿದ್ದ ನಾಲ್ಕು ನೂಲು, ಒಂದೊಂದು ನೂಲಿನ ತುದಿಗೂ ಅದನ್ನು ಸುತ್ತಿಟ್ಟ ಒಂದು ಮರದ ಕಡ್ಡಿ, ಅದೇ ಬಾಬಿನ್. ಮೂರು ನೂಲು ನೇರ ನಿಲ್ಲಬೇಕು. ನಾಲ್ಕನೆಯದು ಅವುಗಳ ಮೇಲೆ ಕೆಳಗೆ ನುಸುಳುತ್ತ ಅತ್ತಿಂದಿತ್ತ ಓಡಾಡಬೇಕು. ಅಂಚಿನ ನೂಲುಗಳನ್ನು ಅಗಲಿಸಿ, ಓಡಾಡುವ ನೂಲನ್ನು ಸಡಿಲ ಬಿಟ್ಟರೆ ಎಲೆಗೆ ಹೊಟ್ಟೆ ಬರುತ್ತದೆ. ಸ್ವಲ್ಪಸ್ವಲ್ಪವೇ ಬಿಗಿ ಮಾಡುತ್ತ ಬಂದರೆ ತುದಿ ಚೂಪಾಗುತ್ತದೆ. ನಡುವೆ ಆ ಓಡಾಡುವ ನೂಲಿನ ಬಾಬಿನ್ ಕೈಜಾರಿತೋ, ಅದರ ಭಾರಕ್ಕೇ ಎಲೆಯೆಲ್ಲ ಮುದುಡಿ ಗಂಟಾಗುತ್ತದೆ.

ಕೈಜಾರೀತೆಂಬ ಭಯಕ್ಕೆ ನಾನು ಅರ್ಧ ದಾಟುತ್ತಲೇ ಬಿಗಿಯಾಗಿ ಎಳೆದುಬಿಡುತ್ತಿದ್ದೆ. ನನ್ನ ಎಲೆ ಇಲಿಯ ಹಾಗೆ: ದಪ್ಪ ಮೈ, ಉದ್ದ ಬಾಲ. ಇಪ್ಪತ್ತು ವರ್ಷ ಅದನ್ನೇ ನಮ್ಮ ತರಗತಿಯ ಶೈಲಿ ಎಂದು ಹೇಳಿ ದಕ್ಕಿಸಿಕೊಂಡಿದ್ದೆ.

ಮೂರನೇ ತಿಂಗಳು ಕಂಡಕ್ಟರಮ್ಮ ಮೊದಲ ಎಲೆ ತೆಗೆದರು. ಓಡುವ ಬಸ್ಸಿನಲ್ಲಿ ನೋಟು, ಚಿಲ್ಲರೆ, ಟಿಕೆಟ್ಟು ಎಲ್ಲವನ್ನೂ ಬೆರಳ ಸಂದಿಯಲ್ಲಿ ಹಿಡಿದ ಕೈ ಅದು, ಬಾಬಿನ್ ಜಾರಲೇ ಇಲ್ಲ. ಎರಡೂ ಕಡೆ ಒಂದೇ ಸಮ, ತುಂಬಿದ ಹೊಟ್ಟೆ, ಪುಟ್ಟ ತುದಿ. ನನ್ನ ಕೈಯಿಂದ ಅಂಥದ್ದು ಒಂದೂ ಬಂದಿರಲಿಲ್ಲ. ಹೊಟ್ಟೆಯಲ್ಲಿ ಕಿಚ್ಚೆದ್ದಿತು.

"ಸರಿಯಾಗಿದ್ಯಾ ಟೀಚರ್?"

"ಬಿಗಿ ಸಾಲ್ದು. ಬಿಚ್ಚಿ."

ಉಳಿದ ಐದು ಜನ ಕತ್ತೆತ್ತಿ ನೋಡಿದರು. ಕಂಡಕ್ಟರಮ್ಮ ಹೆಣೆದ ದಾರಿಯಲ್ಲೇ ಹಿಂದೆ ಹೋಗಿ, ನಲವತ್ತು ಸಾಲನ್ನೂ ಬಿಚ್ಚಿದರು. ಮುಂದಿನ ವಾರವೂ ಬಿಚ್ಚಿಸಿದೆ, ಅದರ ಮುಂದಿನ ವಾರವೂ. ಅವರು ದಿಂಬನ್ನು ಮನೆಗೆ ಒಯ್ದು ಅಭ್ಯಾಸ ಮಾಡಿದರು. ಎರಡು ತಿಂಗಳಾದ ಮೇಲೆ ಥೇಟ್ ನನ್ನದರಂಥ ಬಾಲದ ಎಲೆ ತಂದು ತೋರಿಸಿದರು. "ಹಾಂ, ಈಗ ಬಂತು ನೋಡಿ" ಎಂದೆ. ಆಗ ಅರಳಿದ ಅವರ ಮುಖ ನೆನೆದರೆ ನಾಚಿಕೆಯಿಂದ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಎರಡು ವರ್ಷ ಕಳೆಯಿತು. ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ ಒಂದು ಹಳೆಯ ಲೇಸ್ ಕಾಲರ್ ತಂದರು. ಹದಿನಾಲ್ಕು ಎಲೆಗಳಲ್ಲಿ ಮೂರು ಹರಿದಿದ್ದವು. "ಹೊಸವು ಹಳೇದರ ಥರಾನೇ ಇರ್ಬೇಕು. ಹಾಗೆ ಮಾಡೋ ಕೈ ಸಿಕ್ಕಿದ್ರೆ ನಮ್ಮಲ್ಲಿ ದುರಸ್ತಿಗೆ ಖಾಯಂ ಕೆಲಸವೇ ಇದೆ" ಎಂದರು. ಕಾಲರ್ ಬಿಡಿಸಿ ನೋಡಿದೆ. ಉಳಿದ ಹನ್ನೊಂದೂ ಕಂಡಕ್ಟರಮ್ಮನ ಮೊದಲ ಎಲೆಯಂಥವೇ.

ಐದು ಜನರೆದುರು ಬಿಚ್ಚಿಸಿದವಳು, ತಪ್ಪೊಪ್ಪಿಕೊಳ್ಳಲು ಮಾತ್ರ ಆ ಐದೂ ಜನ ಹೋಗುವವರೆಗೆ ಕಾದೆ.

"ಕಂಡಕ್ಟರಮ್ಮ, ನೀವು ಮೊದಲನೇ ಸಲ ತೆಗೆದ್ರಲ್ಲ, ಅದೇ ಸರಿ ಇದ್ದಿದ್ದು. ನಂಗೆ ಹಾಗೆ ಬರಲ್ಲ. ಹೊಟ್ಟೆಕಿಚ್ಚಿಗೆ ಬಿಚ್ಚಿಸ್ದೆ. ಈಗ ಹಾಗೇ ತೆಗೀರಿ, ಆ ಕೆಲಸ ನಿಮಗೇ ಸಿಗುತ್ತೆ."

ಅವರು ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಕಾಲರನ್ನು ಬೆಳಕಿಗೆ ಹಿಡಿದು ನೋಡಿ, ದಿಂಬು ಎಳೆದುಕೊಂಡು ಶುರು ಮಾಡಿದರು. ಹೊಟ್ಟೆ ತುಂಬಿ ಬಂತು. ಅರ್ಧ ದಾಟಿತು. ಕೈ ಸರಕ್ಕನೆ ಬಿಗಿಯಿತು, ಬಾಲ ಬಂತು. ಯಾರೂ ಹೇಳದೆಯೇ ಬಿಚ್ಚಿದರು. ಎರಡನೆಯದಕ್ಕೂ ಬಾಲ. ಮೂರನೆಯದನ್ನು ಉಸಿರು ಬಿಗಿಹಿಡಿದು ಹೆಣೆದರು, ಅದಕ್ಕೂ ಬಾಲ.

"ಇನ್ನೊಂದ್ಸಲ ನೋಡಿ," ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

ಅವರು ಬಾಬಿನ್‌ಗಳನ್ನು ಕೆಳಗಿಟ್ಟು ಬೆರಳು ಸವರಿಕೊಂಡರು.

"ಇನ್ನು ಬರಲ್ಲ ಟೀಚರ್. ಆಗ ಅದು ತಾನಾಗೇ ಬರ್ತಿತ್ತು. ನೀವು ತಪ್ಪು ಅಂದ್ರಲ್ಲ, ತುಂಬಾ ಕಷ್ಟಪಟ್ಟು ಮರೆತೆ."