ಟೇಬಲ್ ನಂಬರ್ ಮೊದಲು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಆ ಗುಂಡಿ ಒತ್ತಿದೆ. ಸದಾನಂದಣ್ಣ ಚಹಾ ತರಲು ಹೋಗಿದ್ದರು. ಪಕ್ಕದಲ್ಲಿದ್ದಿದ್ದರೆ ಒತ್ತಲು ಬಿಡುತ್ತಿರಲಿಲ್ಲ. ಕಂಪ್ಯೂಟರಿಗೆ ಕೊಡುವ ಆದೇಶ, ಅಂದರೆ ಕ್ವೆರಿ, ಯಾವುದು ಬರೆದರೂ ಅವರು ಎರಡೂ ಕೈ ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲಿಟ್ಟು ಅದನ್ನೊಮ್ಮೆ ಗಟ್ಟಿಯಾಗಿ ಓದುತ್ತಿದ್ದರು, ಸಪ್ಲೈಯರ್ ಗಿರಾಕಿಯ ಎದುರು ಆರ್ಡರನ್ನು ತಿರುಗಿ ಹೇಳಿದ ಹಾಗೆ.

ಬಾಂದ್ರಾದ ಹೋಟೆಲೊಂದರಲ್ಲಿ ಹದಿನಾಲ್ಕು ವರ್ಷ ಅವರು ಸಪ್ಲೈಯರ್ ಆಗಿದ್ದವರೇ. ರಾತ್ರಿಶಾಲೆಯಲ್ಲಿ ಓದಿ, ಕಂಪ್ಯೂಟರ್ ಕಲಿತು, ಕಾಂದಿವಲಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದರು. ಡಿಗ್ರಿ ಹಿಡಿದು ಅಲ್ಲಿಗೆ ಸೇರಿದ ನನಗೆ ಡೇಟಾಬೇಸಿನ ಭಾಷೆ ಎಸ್‌ಕ್ಯುಎಲ್ ಕಲಿಸಿದವರು ಅವರು. ಕಾಲೇಜಿನಲ್ಲಿ ಕಲಿತದ್ದು ಪರೀಕ್ಷೆಗೆ.

“ಸೆಲೆಕ್ಟ್ ಅಂದ್ರೆ ಬರೇ ನೋಡುದು ಮಾರಾಯ್ತಿ. ಅಪ್‌ಡೇಟ್ ಅಂದ್ರೆ ಅಡುಗೆಮನೆಗೆ ಆರ್ಡರ್ ಹೋದ ಹಾಗೆ. ವೇರ್ ಅಂದ್ರೆ ಟೇಬಲ್ ನಂಬರ್. ಅದು ಹೇಳದೆ ದೋಸೆ ಅಂತ ಕೂಗಿದ್ರೆ ಕೂತವರಿಗೆಲ್ಲ ದೋಸೆ ಬರ್ತದೆ.”

“ಫುಕಟ್ ದೋಸೆ ಯಾರಿಗೆ ಬೇಡ, ಅಣ್ಣ?”

“ಸಕ್ಕರೆ ಕಾಯಿಲೆಯವನಿಗೆ ಜಿಲೇಬಿ ಹೋದಾಗ ಗೊತ್ತಾಗ್ತದೆ.”

ಏನು ತಿದ್ದುವುದಿದ್ದರೂ ಅದು ಎಷ್ಟು ರೋಗಿಗಳಿಗೆ ತಾಗುತ್ತದೆಂದು ಮೊದಲು ಕೌಂಟ್ ಹಾಕಿಸುತ್ತಿದ್ದರು. “ಎಷ್ಟು ಮಂದಿ?” ಎಂದು ಕೇಳಿದಾಗ ನಾನು “ಒಂದು” ಎನ್ನಬೇಕು. ಮುಂದಿನದೆಲ್ಲ ಆಮೇಲೆ.

ಆ ದಿನ ಒಬ್ಬ ರೋಗಿಯ ಅಲರ್ಜಿಯ ಕಾಲಂನಲ್ಲಿ ‘ಇಲ್ಲ’ ಎಂದು ತಿದ್ದಬೇಕಿತ್ತು. ಕೌಂಟ್ ಹಾಕಿದೆ, ಒಂದೇ ಬಂತು. ಅಪ್‌ಡೇಟನ್ನು ಎರಡು ಸಾಲಿನಲ್ಲಿ ಬರೆದು, ಮೌಸ್‌ನಿಂದ ಮೊದಲ ಸಾಲನ್ನಷ್ಟೇ ಗುರುತುಮಾಡಿ ಒತ್ತಿಬಿಟ್ಟೆ. ಗುರುತುಮಾಡಿದಷ್ಟೇ ಓಡಿತು, ವೇರ್ ಎರಡನೆಯ ಸಾಲಿನಲ್ಲೇ ಉಳಿಯಿತು. ಆಸ್ಪತ್ರೆಯ ಪ್ರತಿಯೊಬ್ಬ ರೋಗಿಯ ಹೆಸರಿನ ಮುಂದೂ ‘ಇಲ್ಲ’ ಎಂದಾಯಿತು.

ಸದಾನಂದಣ್ಣ ಎರಡು ಗ್ಲಾಸು ಹಿಡಿದು ಬಂದು ಪರದೆ ನೋಡಿದರು.

“ಕೌಂಟ್ ಎಷ್ಟು ಬಂದಿತ್ತು?”

“ಒಂದು.”

“ತಿದ್ದಿದ್ದು ಎಷ್ಟು?”

ನಾನು ಪರದೆಯ ಕೆಳಗಿನ ಸಂಖ್ಯೆ ತೋರಿಸಿದೆ. ಅವರು ಗ್ಲಾಸು ಇಟ್ಟು ವಾರ್ಡಿಗೆ ಓಡಿದರು, ಹಿಂದೆ ನಾನು. ನರ್ಸ್ ಪರದೆಯಲ್ಲಿ ‘ಇಲ್ಲ’ ನೋಡಿ, ಪೆನಿಸಿಲಿನ್ ಆಗದ ಒಬ್ಬ ಅಜ್ಜಿಗೆ ಅದನ್ನೇ ಕೊಟ್ಟಾಗಿತ್ತು. ತುಟಿ ಊದಿತ್ತು. ಉಸಿರೆಳೆಯುವ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಜೀವ ಉಳಿಯಿತು, ಆದರೆ ಮಿದುಳಿಗೆ ಉಸಿರು ಸಾಲದೆ ಮಾತು ಮರಳಲಿಲ್ಲ. ಈಗಲೂ ಲೋಕಲ್ ರೈಲಿನಲ್ಲಿ ಯಾರಾದರೂ ಏದುಸಿರು ಬಿಟ್ಟರೆ ನನ್ನ ಕೈ ತಾನಾಗಿ ತೊಡೆಯ ಮೇಲೆ ಹೋಗುತ್ತದೆ.

ಯಾರು ಮಾಡಿದ್ದೆಂದು ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಸದಾನಂದಣ್ಣ, “ನನ್ನ ಕೈ” ಎಂದರು. ಮೆಟ್ಟಿಲಲ್ಲಿ ನನಗೆ ಹೇಳಿದರು: “ಬಾಯಿ ಮುಚ್ಚು. ನಿನಗೆ ಇನ್ನೂ ಮುಂದೆ ಉಂಟು. ನನಗೆ ಟ್ರೇ ಹಿಡಿಲಿಕ್ಕೆ ಬರ್ತದೆ.”

ನಾನು ಮುಚ್ಚಿದೆ. ಅವರು ಕೆಲಸ ಕಳೆದುಕೊಂಡು ಹಳೆಯ ಹೋಟೆಲಿಗೆ ಮರಳಿದರು.

ಕೊನೆಯ ಸಲ ನೋಡಿದ್ದು ಅಲ್ಲಿಯೇ. “ಏಳನೇ ಟೇಬಲ್, ಒಂದು ಚಹಾ,” ಎಂದು ನನ್ನ ಆರ್ಡರನ್ನು ನನ್ನ ಮುಖ ನೋಡಿ ತಿರುಗಿ ಹೇಳಿದರು.

“ನಿಜ ಹೇಳಿಬಿಡ್ತೇನೆ, ಅಣ್ಣ.”

“ಈಗ ಹೇಳಿದ್ರೆ ಅಜ್ಜಿಗೆ ಮಾತು ಬರ್ತದಾ?” ಎಂದು ಟೇಬಲ್ ಒರೆಸಿದರು.

ಕಳೆದ ತಿಂಗಳು ಎದೆನೋವಿನಲ್ಲಿ ಅವರು ತೀರಿಹೋದರು. ಅಲ್ಲಿಯವರೆಗೂ ನಾನು ದಿನವೂ ಆ ಉಸಿರಿನ ಸದ್ದಿಗೆ ಎಚ್ಚರವಾಗುತ್ತಿದ್ದೆ. ಅವರನ್ನು ಚಿತೆಗೆ ಕಳಿಸಿಕೊಟ್ಟು ಆಂಟಾಪ್ ಹಿಲ್‌ನ ನನ್ನ ಮನೆಗೆ ಬಂದ ದಿನ ಬೆಳಗಿನವರೆಗೆ ಒಂದೇ ನಿದ್ದೆ ಮಾಡಿದೆ. ಆ ಗುಂಡಿ ಒತ್ತಿದ್ದು ಯಾರ ಕೈಯೆಂದು ಗೊತ್ತಿರುವವಳು ಇನ್ನು ನಾನೊಬ್ಬಳೇ.