ತಕ್ಕಡಿ ಕಟ್ಟಿದ ಬೆನ್ನುಚೀಲ

ಬೂಟು, ರೇನ್‌ಕೋಟು, ಬೆನ್ನುಚೀಲಗಳನ್ನು ಬಾಡಿಗೆಗೆ ಕೊಡುವ ಆ ಅಂಗಡಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ತಕ್ಕಡಿ. ಎಲೆ ಉದುರುವ ಕಾಲ ಬಂತೆಂದರೆ ಗಿರಾಕಿಗಳನ್ನು ತಾನೇ ಕಟ್ಟಿಕೊಂಡು ಚಳಿಮಳೆಯ ಗುಡ್ಡಕ್ಕೆ ಹೋಗುತ್ತಿದ್ದ. ಅವರ ಚೀಲಕ್ಕೆ ಹೋಗುವ ಒಂದೊಂದನ್ನೂ ತೂಗದೆ ಬಿಡುತ್ತಿರಲಿಲ್ಲ. ಸಾಬೂನನ್ನು ಅರ್ಧ ಕತ್ತರಿಸುತ್ತಿದ್ದ, ಬ್ರಷ್ಷಿನ ಹಿಡಿ ಮುರಿಯುತ್ತಿದ್ದ. ಹತ್ತಿ ಅಂಗಿ ಕಂಡರೆ, ಒದ್ದೆಯಾದ ಮೇಲೆ ಇದು ಹೆಣಭಾರ, ಹೊರಲು ಇನ್ನೊಬ್ಬನನ್ನು ಕರಕೊಂಡು ಬನ್ನಿ ಎಂದು ಪಕ್ಕಕ್ಕಿಡುತ್ತಿದ್ದ. ಒಮ್ಮೆ ಬ್ಯಾಂಕಿನವರೊಬ್ಬರು ಇಸ್ತ್ರಿ ಪೆಟ್ಟಿಗೆ ತಂದಿದ್ದರು. ಗುಡ್ಡಕ್ಕೆ ಸುಕ್ಕು ಬಿದ್ದಿದೆ ನಿಜ, ಆದರೆ ಅದನ್ನು ತೀಡುವ ಕೆಲಸ ನಮ್ಮದಲ್ಲ ಸಾರ್ ಎಂದು ಕೈಮುಗಿದಿದ್ದನಂತೆ.

ಅವನ ಭಾವಮೈದುನ ಇದಕ್ಕೆ ತದ್ವಿರುದ್ಧ. ಹೆಂಡತಿಯ ಆ ತಮ್ಮನಿಗೆ ಮೂಟೆ ಎಂದು ಹೆಸರಿಟ್ಟವನು ತಕ್ಕಡಿಯೇ. ಗುಡ್ಡಕ್ಕೂ ದಿಂಬು ಹೊತ್ತು ಬರುವ ಆಸಾಮಿ. ನಮ್ಮ ಭಾವ ತವರಿನಿಂದ ಬಂದ ಮಾತನ್ನೂ ತೂಗಿಯೇ ಒಳಗೆ ಬಿಡ್ತಾರೆ ಎಂದು ಅವನು ತಿರುಗಿಸಿ ಆಡಿಕೊಳ್ಳುತ್ತಿದ್ದ. ಸಾಲಿನ ಮುಂದೆ ತಕ್ಕಡಿ, ಕೊನೆಯಲ್ಲಿ ಮೂಟೆ, ನಡುವೆ ಗಿರಾಕಿಗಳು. ವರ್ಷಗಳಿಂದ ನಡೆದದ್ದು ಹೀಗೆಯೇ.

ಈ ಬೇಸಿಗೆಯಿಂದೀಚೆಗೆ ತಕ್ಕಡಿಗೆ ಉಸಿರು ಕೈಕೊಡತೊಡಗಿತ್ತು. ಅಂಗಡಿಯ ಅಟ್ಟಕ್ಕೆ ಹತ್ತುವಾಗ ನಡುವೆ ನಿಂತು, ತೂಗುಹಾಕಿದ ಕೋಟುಗಳ ಹೊಲಿಗೆ ನೋಡುವವನ ಹಾಗೆ ನಟಿಸುತ್ತಿದ್ದ. ಕದ್ದುಮುಚ್ಚಿ ಡಾಕ್ಟರ ಹತ್ತಿರ ಹೋಗಿಬಂದ. ಶ್ವಾಸಕೋಶ ಸೋತಿದೆ, ಚಳಿ, ಮಳೆ, ಏರು ಈ ಮೂರನ್ನೂ ಮರೆತುಬಿಡಿ ಎಂದು ಅವರು ಮುಖದ ಮೇಲೇ ಹೇಳಿದ್ದರು. ಮನೆಗೆ ಬಂದು ಹೆಂಡತಿಗೆ, ಏನಿಲ್ಲ, ಅಂಗಡಿಯ ಧೂಳಂತೆ ಎಂದ. ಪಾಪ, ಅವಳು ಅಂದಿನಿಂದ ಒಂದೊಂದು ಬೂಟನ್ನೂ ಒಳಗೆ ಹೊರಗೆ ಒರೆಸುತ್ತ, ಕೋಟುಗಳನ್ನು ಕೊಡವುತ್ತ, ಅಂಗಡಿಯನ್ನು ಕನ್ನಡಿ ಮಾಡಿಟ್ಟಳು. ಕೆಮ್ಮು ಮಾತ್ರ ಹಾಗೇ ಉಳಿಯಿತು.

ಹೋಗದೆ ಇರುವುದು ಅವನಿಂದಾಗದು. ಗುಡ್ಡ ಹತ್ತದವನ ಹತ್ತಿರ ಬೂಟು ಯಾರು ತಗೋತಾರೆ ಎಂಬುದು ವ್ಯಾಪಾರದ ಲೆಕ್ಕ. ಅದರ ಕೆಳಗೆ ಇನ್ನೊಂದು ಲೆಕ್ಕವಿತ್ತು, ಅದನ್ನು ಅವನು ತನಗೇ ಒಪ್ಪಿಸಿರಲಿಲ್ಲ. ಮೇಲೆ ಮರವೂ ಬಂಡೆಯೂ ಇಲ್ಲದ ಬೋಳು ಏಣಿನ ದಾರಿಯೊಂದಿದೆ, ಎರಡೂ ಕಡೆ ಇಳಿಜಾರು, ಒಬ್ಬರ ಹಿಂದೊಬ್ಬರೇ ನಡೆಯಬೇಕು. ಅಲ್ಲಿ ಮುಂದಿನವನು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ಒದ್ದೆ ಗಾಳಿಯಲ್ಲಿ ನಿಂತ ಮೈ ಬಹಳ ಬೇಗ ಮರಗಟ್ಟುತ್ತದೆ. ಇದನ್ನು ಎಲ್ಲರಿಗೂ ಪಾಠ ಮಾಡುತ್ತಿದ್ದವನು ಅವನೇ.

ಹೊರಡುವ ಹಿಂದಿನ ಸಂಜೆ ಅಂಗಡಿಯ ಮೇಜಿನ ಮೇಲೆ ಎಲ್ಲ ಹರಡಿಕೊಂಡ. ಉಣ್ಣೆಯ ಬನಿಯನ್ನು, ಸ್ವೆಟರು, ಟೋಪಿ, ಒಣ ಕಾಲುಚೀಲಗಳು, ಟಾರ್ಚು. ಬೆನ್ನುಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ಕಿನ ಇನ್ನೊಂದು ಚೀಲ ಬಿಡಿಸಿದ. ತಳಕ್ಕೆ ಹೋಗಬೇಕಾದದ್ದು ಸ್ಲೀಪಿಂಗ್ ಬ್ಯಾಗು. ಅದನ್ನು ಅದರ ಪುಟ್ಟ ಕವರಿಗೆ ಮುಷ್ಟಿಯಿಂದ ಗುದ್ದಿ ಗುದ್ದಿ ತುರುಕಬೇಕು. ಎರಡು ಗುದ್ದು ಗುದ್ದುವಷ್ಟರಲ್ಲಿ ಎದೆ ಕಿತ್ತುಕೊಂಡು ಬಂತು. ಹೆಂಡತಿ ಒಲೆ ಆರಿಸಲು ಹಿಂಬದಿಯ ಮನೆಯೊಳಗೆ ಹೋಗಿದ್ದಳು. ಅವನು ಸದ್ದಿಲ್ಲದೆ ಅದನ್ನು ಹೊರಗೆಳೆದು, ಮೇಜಿನ ಮೇಲೆ ಚಾಪೆಯಂತೆ ಸುತ್ತಿ, ದಾರ ಬಿಗಿದು, ಬೆವರು ಒರೆಸಿಕೊಂಡು ಕುಳಿತ.

ಅವಳು ಬಂದು ಆ ಸುರುಳಿಯನ್ನು ನೋಡಿದಳು. ಸುತ್ತಬೇಡಿ, ತುರುಕಿ, ದಿನಾ ಒಂದೇ ಕಡೆ ಮಡಿಕೆ ಬಿದ್ದರೆ ಒಳಗೆ ತುಂಬಿದ ಹಕ್ಕಿಪುಕ್ಕ ಸತ್ತುಹೋಗುತ್ತೆ, ಆಮೇಲೆ ಬೆಚ್ಚಗಿಡಲ್ಲ. ಅವನು ಗಿರಾಕಿಗಳಿಗೆ ಹೇಳುವ ಈ ಮಾತನ್ನು ಗಲ್ಲಾದ ಪಕ್ಕದಲ್ಲಿ ಕುಳಿತು ಅವಳು ಎಷ್ಟು ಸಲ ಕೇಳಿಲ್ಲ? ಹಾಗೆ ಸುತ್ತಿ ತಂದ ಗಿರಾಕಿಗಳನ್ನು ಅವನು ಮನೆ ಸುಟ್ಟವರನ್ನು ಬೈದ ಹಾಗೆ ಬೈದದ್ದೂ ಅವಳಿಗೆ ಗೊತ್ತು. ದಾರ ಬಿಚ್ಚಿ, ಬ್ಯಾಗನ್ನು ಬಿಡಿಸಿ, ಅವನ ಮುಂದೆ ಹಾಕಿದಳು.

"ತುರುಕಿ."

ಬೆಳಿಗ್ಗೆ ನೋಡಿದರಾಯಿತು ಎಂದ. ಕೈ ನೋವು ಎಂದ. ಅವಳು ಕದಲಲಿಲ್ಲ. ಹಟಕ್ಕೆ ಬಿದ್ದು ಗುದ್ದತೊಡಗಿದ. ಅರ್ಧವೂ ಒಳಗೆ ಹೋಗುವ ಮೊದಲೇ ಕೆಮ್ಮು ಹಿಡಿದು, ಬೂಟು ಹಾಕಿಕೊಳ್ಳುವ ಸ್ಟೂಲಿನ ಮೇಲೆ ಕುಸಿದ. ಅವಳು ಬೆನ್ನು ನೀವಿದಳು, ನೀರು ಕೊಟ್ಟಳು. ಆಮೇಲೆ, ಡಾಕ್ಟರು ನಿಜವಾಗಿ ಏನಂದರು ಎಂದು ಕೇಳಿದಳು. ಅವನು ನೆಲ ನೋಡುತ್ತ ಹೇಳಿದ.

"ಹಾಗಾದ್ರೆ ನಾನು ಇಷ್ಟು ದಿನ ಧೂಳು ಹೊಡೆದಿದ್ದು ಯಾವ ಪುರುಷಾರ್ಥಕ್ಕೆ?"

ಹೇಗಾದರೂ ನಿಧಾನವಾಗಿ ಹತ್ತಿಬಿಡುತ್ತೇನೆ, ಇದೊಂದು ಸಲ ಎಂದ. ಅವಳ ದನಿ ಏರಲಿಲ್ಲ.

"ನಿಮ್ಮ ಜೀವ, ನಿಮ್ಮಿಷ್ಟ ಅಂತ ಬಿಡೋಣ ಅಂದ್ರೆ, ಹಿಂದೆ ಬರೋರು ಏನು ಪಾಪ ಮಾಡಿದಾರೆ ರೀ? ನೀವು ಆ ಏಣಿನ ಮೇಲೆ ನಿಂತ್ರೆ ಅವರೂ ನಿಲ್ಬೇಕು."

"ಮತ್ತೆ ಯಾರು ಹೋಗ್ತಾರೆ? ನಿನ್ನ ತಮ್ಮನಾ? ದಿಂಬು ಹೊರೋನು."

"ಇಷ್ಟು ವರ್ಷ ಆ ದಿಂಬು ಹೊತ್ಕೊಂಡೇ ಹತ್ತಿದಾನೆ. ನೀವು ನೋಡಿಲ್ಲ, ಅವನು ನಿಮ್ಮ ಹಿಂದೆ ಇದ್ದ."

ತಕ್ಕಡಿ ಬಹಳ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದ. ಆಮೇಲೆ ಫೋನು ಎತ್ತಿದ. ನಾಳೆ ಮುಂದೆ ನೀನು ನಡಿ ಎಂದ. ಆ ಕಡೆಯಿಂದ ಮೂಟೆ ಕೇಳಿದ:

"ನೀವು ಹಿಂದೆ ಬರ್ತೀರಲ್ಲ ಭಾವ?"

"ಇಲ್ಲ."

ಈ ಎರಡಕ್ಷರ ಹೇಳಲೂ ಅವನಿಗೆ ಏರು ಹತ್ತಿದಷ್ಟು ಉಸಿರು ಬೇಕಾಯಿತು. ಕೊನೆಯಲ್ಲಿ ನಡೆಯಲು ಗಟ್ಟಿಮುಟ್ಟಾದವನೊಬ್ಬನನ್ನು ಹೊಂದಿಸು, ಗಾಳಿ ಜೋರಾದರೆ ಏಣಿನ ಮೊದಲೇ ವಾಪಸು ತಿರುಗು, ನಾಚಿಕೆ ಪಡಬೇಡ ಎಂದ. ಸರಿ ಭಾವ, ಸರಿ ಭಾವ ಎನ್ನುತ್ತಿದ್ದ ಮೂಟೆ ಅಂದು ಒಂದು ತಮಾಷೆಯನ್ನೂ ಆಡಲಿಲ್ಲ. ಅದೇ ತಕ್ಕಡಿಗೆ ಹೆಚ್ಚು ಚುಚ್ಚಿತು.

ಬೆಳಿಗ್ಗೆ ಬಸ್ಸಿನ ಹತ್ತಿರ ಸಣ್ಣಗೆ ಮಳೆ ಹಿಡಿದಿತ್ತು. ನೀವೂ ಬರುತ್ತೀರಿ ಅಂತಲೇ ನಾನು ಹೊರಟಿದ್ದು ಎಂದು ಶಾಲೆಯ ಮೇಡಮ್ಮೊಬ್ಬರು ಮುಖ ಸಣ್ಣದು ಮಾಡಿದರು. ಕಾಲು ಉಳುಕಿದೆ ಎನ್ನಲು ಅವನ ನಾಲಿಗೆ ತಯಾರಾಗಿತ್ತು. ಆದರೆ ಉಸಿರು ಸಾಲುತ್ತಿಲ್ಲ ಮೇಡಂ ಎಂದುಬಿಟ್ಟ. ಅವರು ಚೀಲ ಎತ್ತಿಕೊಂಡು ಬಸ್ಸು ಹತ್ತಿದರು. ಬಸ್ಸು ಹೊರಟಿತು. ಮೂಟೆ ಕಿಟಕಿಯಿಂದ ಕೈ ಎತ್ತಿದ. ಇವನು ಎತ್ತುವ ಹೊತ್ತಿಗೆ ಬಸ್ಸು ತಿರುವಿನಲ್ಲಿತ್ತು.

ಮಧ್ಯಾಹ್ನಕ್ಕೆ ಮಳೆ ಬಿರುಸಾಯಿತು. ಗುಡ್ಡದ ಮೇಲೆ ಫೋನು ಸಿಗುವುದಿಲ್ಲ ಎಂದು ಗೊತ್ತಿದ್ದೂ ತಕ್ಕಡಿ ಎರಡು ಸಲ ಮೂಟೆಯ ನಂಬರು ಒತ್ತಿ ನೋಡಿದ. ಹೆಂಡತಿ ಕಂಡರೂ ಕಾಣದವಳಂತೆ ಕೋಟುಗಳನ್ನು ಮಡಿಸುತ್ತಿದ್ದಳು. ಮುಂದಿನ ವಾರ ಹೊರಡುವ ಗಿರಾಕಿಯೊಬ್ಬ ಒಳಗೆ ಬಂದು, ಮೇಲೆ ಈಗ ಹೇಗಿದೆ ಎಂದು ಕೇಳಿದ. ಅಂಗಡಿಯಲ್ಲಿ ಅದು ದಿನವೂ ಕೇಳಿಬರುವ ಪ್ರಶ್ನೆ, ಗಾಳಿಯ ದಿಕ್ಕಿನವರೆಗೂ ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

"ಗೊತ್ತಿಲ್ಲ," ಎಂದ ತಕ್ಕಡಿ. "ಹೋದೋರು ಬರ್ಲಿ, ಅವರನ್ನ ಕೇಳಿ ಹೇಳ್ತೀನಿ."

ಗಿರಾಕಿ ಬೂಟು ನೋಡಲು ಬಗ್ಗಿದ. ತಕ್ಕಡಿ ಬಾಗಿಲಲ್ಲಿ ನಿಂತು, ಮಳೆ ಬರುತ್ತಿದ್ದ ಕಡೆಗೇ ನೋಡುತ್ತಿದ್ದ.