ಮೂಗಿಗೆ ಹಚ್ಚಿದ ವಿಭೂತಿ

ಮಗಳ ಕಾಲೇಜಿಗೆ ಕಂಪ್ಯೂಟರ್ ಬೇಕೆಂದು ಹೋದ ವಾರ ಅಟ್ಟದ ಮೇಲಿದ್ದ ಹಳೆಯದನ್ನು ಇಳಿಸಿದೆ. ಹೊಸದರ ದರ ಕೇಳಿ ಬಂದ ಮೇಲೆ, ಇದಕ್ಕೇ ಒಂದೆರಡು ಭಾಗ ಬದಲಿಸಿದರೆ ನಡೆದೀತೇ ಎಂಬ ಆಸೆ. ಸ್ಕ್ರೂ ಬಿಚ್ಚಿ ಪಕ್ಕದ ತಗಡು ಸರಿಸಿದೆ. ಹಳೆಯ ದೂಳಿನ ಜೊತೆ ವಿಭೂತಿಯ ವಾಸನೆ ಬಂತು. ಇದೇನು ಗುಡಿಯ ವಾಸನೆ ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಬೈಲಹೊಂಗಲದ ಕಂಪ್ಯೂಟರ್ ಅಂಗಡಿಯ ಕಾಕಾ ನೆನಪಾದರು...

ಆಗ ನಾನು ಮುರಗೋಡದ ನಮ್ಮ ಮನೆಯಲ್ಲೇ ಕುಳಿತು ಲಗ್ನಪತ್ರಿಕೆ, ತೊಟ್ಟಿಲ ಕಾರ್ಯಕ್ರಮದ ಕಾರ್ಡು ಮಾಡಿಕೊಡುತ್ತಿದ್ದೆ. ಸವದತ್ತಿಯ ಮುದ್ರಣಾಲಯದವರು ಮೊದಲ ಸಲ ದೊಡ್ಡ ಕೆಲಸವೊಂದನ್ನು ಕೊಟ್ಟಿದ್ದರು. ಫೋಟೊ ತುಂಬಿದ ಸ್ಮರಣ ಸಂಚಿಕೆ, ಹದಿನೈದು ದಿನದ ಗಡುವು. ಸರಿಯಾಗಿ ಮಾಡಿಕೊಟ್ಟರೆ ವರ್ಷವಿಡೀ ಕೆಲಸ. ಆಗದಿದ್ದರೆ ಕಂಪ್ಯೂಟರ್ ಮಾರಿ ನಾನು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂರಬೇಕೆಂದು ಮನೆಯಲ್ಲಿ ಮಾತಾಗಿತ್ತು. ಹೊಲಿಗೆಯೆಂದರೆ ನನಗೆ ಮೈಯೆಲ್ಲ ಉರಿ. ಆದರೆ ಕಂಪ್ಯೂಟರಿಗೆ ನನ್ನ ಕಷ್ಟ ಎಲ್ಲಿ ಗೊತ್ತು? ನಾಲ್ಕು ಫೋಟೊ ತೆರೆದರೆ ಸಾಕು, ಗೊರಗೊರ ಸದ್ದು ಮಾಡಿ ತಾನಾಗಿಯೇ ಬಂದ್ ಆಗುತ್ತಿತ್ತು.

ಮೈದುನ ಫೋನಿನಲ್ಲಿ ನೋಡಿ ಉದ್ದನೆಯ ಪಟ್ಟಿ ಬರೆದುಕೊಟ್ಟ. ಹೊಸ ಬೋರ್ಡು, ಹೊಸ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು, ಸಾಲದ್ದಕ್ಕೆ ಬಣ್ಣದ ದೀಪ ಮಿನುಗುವ ಗಾಜಿನ ಡಬ್ಬಿ. ಪಟ್ಟಿ ಹಿಡಿದು ಬಸ್ಸೇರಿ ಕಾಕಾ ಅವರ ಅಂಗಡಿಗೆ ಹೋದೆ. ಇಬ್ಬರು ಒಳಗೆ ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟು ಚಿಕ್ಕ ಅಂಗಡಿ. ಅವರು ಪಟ್ಟಿಯನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು, ರವಿವಾರ ಮನೆಗೆ ಬರುತ್ತೇನೆ ಎಂದರು. ಅದು ಅವರ ಪದ್ಧತಿ. ಗಿರಾಕಿಗಳು ಕಟಕೋಳದವರಾಗಲಿ ಚಚಡಿಯವರಾಗಲಿ, ಅವರ ಮನೆಗೆ ಹೋಗಿ, ಅವರು ಕೆಲಸ ಮಾಡುವುದನ್ನು ಕಣ್ಣಾರೆ ನೋಡದೆ ಒಂದು ಭಾಗವನ್ನೂ ಮಾರುತ್ತಿರಲಿಲ್ಲ. ಹೀಗಾದರೆ ಇವರ ಅಂಗಡಿ ನಡೆದ ಹಾಗೇ ಎಂದು ದಾರಿಯುದ್ದಕ್ಕೂ ಗೊಣಗುತ್ತ ಊರಿಗೆ ಮರಳಿದೆ. ದಿನ ಎಣಿಸುತ್ತಿದ್ದವಳು ನಾನಲ್ಲವೇ?

ರವಿವಾರ ಬೆಳಿಗ್ಗೆಯ ಬಸ್ಸಿಗೇ ಬಂದರು. ಹೊರಸಿನ ಮೇಲೆ ಕುಳಿತು ಚಹಾ ಕುಡಿದು, ನಿನ್ನ ಕೆಲಸ ನೀನು ಮಾಡು ಎಂದರು. ಪರದೆ ನೋಡಲೇ ಇಲ್ಲ. ಡಬ್ಬಿಯ ಕಡೆ ಕಿವಿಗೊಟ್ಟು ಕಣ್ಣು ಮುಚ್ಚಿದ್ದರು. ಅಷ್ಟರಲ್ಲಿ ನಮ್ಮ ಅತ್ತೆ ಪೂಜೆ ಮುಗಿಸಿ ಬಂದರು. ಮನೆಗೆ ಅನ್ನ ಕೊಡುವ ವಸ್ತುವೆಂದು ದಿನವೂ ಕಂಪ್ಯೂಟರಿಗೆ ವಿಭೂತಿ ಹಚ್ಚುವುದು ಅವರ ರೂಢಿ. ಆ ದಿನವೂ ಡಬ್ಬಿಯ ಮುಂದಿನ ಜಾಲರಿಯ ಮೇಲೆ ಮೂರು ಬೆರಳು ಎಳೆದು, ಊದಿನಕಡ್ಡಿ ಬೆಳಗಿ ಒಳಗೆ ಹೋದರು. ಕಾಕಾ ಎದ್ದು ಕೈಮುಗಿದರು. ಆಮೇಲೆ ಡಬ್ಬಿ ಬಿಚ್ಚಿದರು.

ಒಳಗಿನ ಫ್ಯಾನಿನ ಎಸಳುಗಳ ಮೇಲೆ ವಿಭೂತಿ ದಪ್ಪಗೆ ಕುಳಿತಿತ್ತು. ಜಾಲರಿಯಿಂದ ಒಳಗೆ ಎಳೆದುಕೊಂಡದ್ದೆಲ್ಲ ಅಲ್ಲೇ ಮೆತ್ತಿ, ಗಾಳಿ ಆಡದೆ ಯಂತ್ರ ಕಾದು ಬಂದ್ ಆಗುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯನ್ನು ಕೂಗಲು ಬಾಯಿ ತೆರೆದೆ. ಕಾಕಾ ಕೈಸನ್ನೆ ಮಾಡಿ ನನ್ನನ್ನು ತಡೆದು, ತಾವೇ ಅತ್ತೆಯನ್ನು ಕರೆದರು.

“ಅಕ್ಕಾರ, ನೀವು ಇಷ್ಟ ದಿನಾ ಇದರ ಮೂಗಿಗೆ ವಿಭೂತಿ ಹಚ್ಚೀರಿ. ಉಸಿರಾಡಾಕ ತ್ರಾಸ ಆಗೇತಿ ಅದಕ್ಕ. ಇದರ ಹಣಿ ಇಲ್ಲೈತಿ ನೋಡ್ರಿ,” ಎಂದು ಮಾನಿಟರಿನ ಮೇಲಂಚು ಮುಟ್ಟಿ ತೋರಿಸಿದರು.

ಯಾರ ಮಾತಿಗೂ ಜಗ್ಗದ ನಮ್ಮ ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಮರುದಿನದಿಂದ ವಿಭೂತಿ ಹಣೆಗೇ ಏರಿತು. ಅದೇ ಮಾತು ನಾನು ಹೇಳಿದ್ದರೆ ಮನೆಯಲ್ಲಿ ಒಂದು ತಿಂಗಳು ಮಾತುಕತೆ ನಿಲ್ಲುತ್ತಿತ್ತು.

ಕಾಕಾ ಫ್ಯಾನಿಗೆ ಮೆತ್ತಿದ್ದನ್ನು ಒರೆಸಿ ತೆಗೆದರು. ಆಮೇಲೆ ಜೇಬಿನಿಂದ ಪಟ್ಟಿ ತೆಗೆದು ಒಂದೊಂದನ್ನೇ ಹೊಡೆದುಹಾಕಿದರು. ಪ್ರೊಸೆಸರ್ ಗಟ್ಟಿಯಾಗಿದೆ, ಗ್ರಾಫಿಕ್ಸ್ ಕಾರ್ಡು ಆಟ ಆಡುವವರಿಗೆ, ದೀಪ ಮಿನುಗಿದರೆ ಅಕ್ಷರವೇನೂ ಬೇಗ ಮೂಡುವುದಿಲ್ಲ ಎಂದರು. ಫೋಟೊ ಕೆಲಸಕ್ಕೆ ಇನ್ನೊಂದು ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಅದಕ್ಕಿಂತ ವೇಗದ ಎಸ್ಎಸ್‌ಡಿ, ಇಷ್ಟೇ ಸಾಕು. ಮರುದಿನ ಎರಡನ್ನೂ ತಂದು ಕೂರಿಸಿಕೊಟ್ಟರು. ಸಂಚಿಕೆ ಗಡುವಿಗಿಂತ ಎರಡು ದಿನ ಮೊದಲೇ ಮುಗಿಯಿತು. ಹೊಲಿಗೆ ಯಂತ್ರಕ್ಕೆ ನಾನು ಮತ್ತೆ ಮುಖ ತೋರಿಸಲಿಲ್ಲ.

ಕೆಲಸ ಬೆಳೆಯಿತು. ಕೆಲವು ವರ್ಷಗಳಾದ ಮೇಲೆ ಆನ್‌ಲೈನಿನಲ್ಲಿ ಹೊಸ ಕಂಪ್ಯೂಟರನ್ನೇ ತರಿಸಿದೆ, ಹಳೆಯದು ಅಟ್ಟ ಸೇರಿತು. ಕಾಕಾ ಅವರಿಗೆ ಒಂದು ಮಾತೂ ಹೇಳಲಿಲ್ಲ. ಹೇಳದ ಮೇಲೆ ಯಾವ ಮುಖ ಹೊತ್ತು ಅಂಗಡಿಗೆ ಹೋಗಲಿ? ಒಮ್ಮೆ ಬೈಲಹೊಂಗಲದ ಪೇಟೆಯಲ್ಲಿ ಅವರು ಎದುರಿನಿಂದ ಬರುವುದನ್ನು ಕಂಡು ಬಳೆ ಅಂಗಡಿಯೊಳಗೆ ಹೊಕ್ಕುಬಿಟ್ಟೆ. ಬೇಡದ ಬಳೆ ಇಟ್ಟುಕೊಂಡು ಹೊರಗೆ ಬಂದಾಗ ಅವರು ಹೋಗಿಯಾಗಿತ್ತು...

ಅವರು ತೀರಿಕೊಂಡ ಸುದ್ದಿ ತಿಳಿದದ್ದು ತಿಂಗಳ ಮೇಲೆ. ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ, ಕಾಕು, ನನ್ನ ಊರು ಕೇಳಿ ಮುಖ ಅರಳಿಸಿದರು.

“ಮುರಗೋಡದಾಕಿ ಅಂದ್ರ ನೀನ ಏನವಾ? ನಿನ್ನ ಸುದ್ದಿ ಭಾಳ ಹೇಳ್ತಿದ್ರು. ಆಕಿ ಹೊಳ್ಳಿ ಬಂದಿಲ್ಲ, ಅಂದ್ರ ಮಷಿನ್ ಚಲೋ ನಡದೈತಿ ಅಂತಿದ್ರು. ಇನ್ನೂ ನಡದೈತಿಲ್ಲ?”

“ಹೌದ್ರಿ ಕಾಕು, ನಡದೈತಿ,” ಎಂದೆ. ನಾಲಿಗೆ ಅಷ್ಟು ಸಲೀಸಾಗಿ ಹೊರಳಿತಲ್ಲ ಎಂದು ಇಂದಿಗೂ ನಾಚಿಕೆಯಾಗುತ್ತದೆ.

ಈ ವಾರ ಮೊದಲು ಮಗಳನ್ನು ನನ್ನ ಕಂಪ್ಯೂಟರಿನ ಮುಂದೆ ಕೂರಿಸಿ, ಅವಳ ಕೆಲಸವೇನೆಂದು ಪಕ್ಕದಲ್ಲಿ ಕುಳಿತು ನೋಡಿದೆ. ಆಮೇಲೆ ಹಳೆಯದಕ್ಕೆ ಒಂದು ಫ್ಯಾನು, ಒಂದು ರ‍್ಯಾಮ್ ಮಾತ್ರ ತರಿಸಿದೆ. ನಿನ್ನೆ ಸಂಜೆ ಚಾಲೂ ಆಯಿತು. ಕಾಕು ಅವರಿಗೆ ಹೇಳಿದ ಸುಳ್ಳು ಹೇಗೋ ನಿಜವಾಯಿತು. ಆದರೆ ಕಾಕಾ ಇದ್ದಾಗಲೇ ಹೋಗಿ, ಹೊಸದು ತಗೊಂಡೆ ಎಂದು ಹೇಳಿದ್ದರೆ ಅವರು ಬೈಯುತ್ತಿರಲಿಲ್ಲ. ಕುಂದ್ರು ತಂಗಿ ಎಂದು ಸ್ಟೂಲು ಸರಿಸಿ, ಹೊಸದರಲ್ಲಿ ಏನೇನಿದೆ ಎಂದು ಆಸೆಯಿಂದ ಕೇಳುತ್ತಿದ್ದರು... ಅದು ನನಗೆ ಆಗಲೂ ಗೊತ್ತಿತ್ತು. ಆದರೂ ಹೋಗಲಿಲ್ಲ.